ಹದಿಮೂರು ಪಾಯಿಂಟ್ ಎರಡು

ನಮ್ಮವ್ವ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಎಂದು ರಾಯಚೂರಿನ ಹಾಸ್ಟೆಲ್ಲಿನಲ್ಲಿ ನಾನು ಹೇಳಿದ್ದು ಒಂದೇ ಸಲ. ಹೇಳಲು ಅರ್ಧ ನಿಮಿಷ ಹಿಡಿಯಿತು, ಅದನ್ನು ಸಾಕಲು ಎರಡು ವರ್ಷ. ಪಕ್ಕದ ಟ್ರಂಕಿನ ಗೋಪಮ್ಮ ಮಲ್ಲಟದವಳು, ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಸುಮ್ಮನಿರದು. ನಿಮ್ಮವ್ವಗ ಯಾವ ವಾರ್ಡು, ಬಿಳಿ ಸೀರಿ ದಿನಾ ಒಗೀತಾಳೇನು, ಕ್ವಾರ್ಟರ್ಸ್ ಕೊಟ್ಟಾರೇನು ಎಂದು ಅವಳು ಕೇಳಿದಾಗಲೆಲ್ಲ ನಾನು ಹೊಸ ಹೊಸದನ್ನು ಹೆಣೆಯಬೇಕಾಗುತ್ತಿತ್ತು. ಹೆಣೆದು ಹೆಣೆದು ಸಾಕಾಗಿ ಒಮ್ಮೆ ಅವಳ ಮೇಲೇ ಹರಿಹಾಯ್ದಿದ್ದೆ. ಮೊದಲಿನಿಂದಲೂ ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ನಿಜ ಏನೆಂದರೆ ನಮ್ಮವ್ವ ಬೂದೆಮ್ಮ ದೇವದುರ್ಗದಲ್ಲಿ ಬಾಣಂತಿಯರಿಗೂ ಎಳೆ ಕೂಸುಗಳಿಗೂ ನೀರು ಹಾಕುವವಳು. ನಾನು ಆರನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದ ಬೆಳಿಗ್ಗೆ ಎರಡು ಮೂರು ಮನೆಗಳಲ್ಲಿ ನೀರು ಹಾಕಿ ಬಂದು, ಆಮೇಲೆ ಕಳೆ ಕೀಳಲು ಹೊಲಕ್ಕೆ ಹೋಗುತ್ತಿದ್ದಳು. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಅವಳು ಕೂತರೆ ಎಂಥ ಅಳುಬುರುಕ ಕೂಸೂ ಸುಮ್ಮನಾಗುತ್ತಿತ್ತು. ಬಿಸಿನೀರಿನ ಹಂಡೆಯಿಂದ, ತಣ್ಣೀರಿನ ಕೊಡದಿಂದ ನೀರು ತೆಗೆದು ಬೆರೆಸಿ ಕೊಡುವ ಕೆಲಸ ನನ್ನದು.

ಒಂದು ಚಳಿಗಾಲದ ಬೆಳಿಗ್ಗೆ ನಾನು ಹಂಡೆಯ ನೀರನ್ನಷ್ಟೇ ಮುಟ್ಟಿ ನೋಡಿ, ದಿನದ ಅಳತೆಗೆ ತಣ್ಣೀರು ಸುರಿದೆ. ಅವ್ವ ಕೈ ಅದ್ದಿ ನೋಡಿದವಳೇ ನನ್ನ ತಲೆಗೊಂದು ಕೊಟ್ಟಳು.

"ಹಂಡೇದಾಗ ಅಷ್ಟೇ ಕೈ ಇಟ್ರ ಮುಗೀತೇನಲೇ ಹುಲಗಿ? ಕೊಡದಾಗೂ ಇಡು. ಒಳಗಿಟ್ಟ ಕೊಡ ಬ್ಯಾರೆ, ಅಂಗಳದಾಗ ಇಟ್ಟ ಕೊಡ ಬ್ಯಾರೆ. ಎರಡೂ ನೋಡಿ ಆಮ್ಯಾಲ ಬೆರಸು. ಕೂಸಿನ ಮೈ ಅದ ಅದು."

ತಲೆ ಉಜ್ಜಿಕೊಂಡು ಕೊಡದಲ್ಲೂ ಕೈ ಅದ್ದಿದೆ. ಅವ್ವನ ಕೆಲಸ ನನಗೆ ಸೇರುತ್ತಿರಲಿಲ್ಲ. ನೀರು ಹಾಕಿಸಿಕೊಂಡ ಮನೆಯವರೇ ಹೊರಗಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ಎತ್ತರದಿಂದ ಸೆರಗಿಗೆ ಜೋಳ ಹಾಕುತ್ತಿದ್ದರು. ಆಕೆ ನಗುತ್ತಲೇ ಕಟ್ಟಿಕೊಳ್ಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ ಅವ್ವ ಬೇಡ ಎನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ ಒಂದೇ ಮಾತು ಹೇಳಿದಳು. "ಪಾಸಾಗೂ ತನಕ ಓದು, ನಾ ಅಡ್ಡ ಬರಂಗಿಲ್ಲ. ಫೇಲಾದಿ ಅಂದ್ರ ತಿರುಗಿ ಬಂದುಬಿಡು ಯವ್ವಾ. ನನ್ನ ಮೊಣಕಾಲು ಸೋತಾವ. ಈ ಕೆಲಸ ನಿನ್ನ ಕೈಗೆ ಕೊಟ್ಟು ಕೂಡ್ತೀನಿ."

ಫೇಲಾದರೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಒಮ್ಮೆ ಫೇಲಾದವರಿಗೆ ಮತ್ತೆ ಸೀಟು ಕೊಡುತ್ತಿರಲಿಲ್ಲ. ಹಾಸ್ಟೆಲ್ ಇಲ್ಲದೆ ನನಗೆ ರಾಯಚೂರಿಲ್ಲ, ರಾಯಚೂರಿಲ್ಲದೆ ಓದಿಲ್ಲ. ಹೀಗಾಗಿ 1978ರ ಮಾರ್ಚ್ ತಿಂಗಳ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಟ ದಿನ ಬೆಳಗಿನ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದೆ.

ನಮ್ಮ ಲ್ಯಾಬಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆಮಿಸ್ಟ್ರಿ ಕಲಿಸುವ ಶರಣಯ್ಯ ಸರ್ ಮಾನ್ವಿಯವರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಸಂಜೆಯ ಬಸ್ಸಿನ ಹೊತ್ತಾದರೆ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಲ್ಯಾಬನ್ನು ನಿಜವಾಗಿ ನಡೆಸುತ್ತಿದ್ದವನು ಅಟೆಂಡರ್ ಮಲಂಗಸಾಬ. ಗಾಜಿನ ಸಾಮಾನು ತೊಳೆಯುವವನು, ಆಮ್ಲ ಕ್ಷಾರ ಕಲಸಿ ಇಡುವವನು, ನಮ್ಮ ಕೈಗೆ ಆಸಿಡ್ ಸಿಡಿದರೆ ಓಡಿಬಂದು ನೀರು ಸುರಿಯುವವನು ಅವನೇ. ನಾನು ಒಮ್ಮೆ ಅಳತೆಯ ಗಾಜಿನ ಕೊಳವೆ, ಪಿಪೆಟ್ ಒಡೆದಾಗ, ದಂಡ ಕಟ್ಟಲಾರೆ ಎಂದು ಗೊತ್ತಿದ್ದು, "ಬಿಡು ಬೇಟಿ, ಅದು ಮದಲೇ ಬಿರುಕು ಬಿಟ್ಟಿತ್ತು" ಎಂದು ಸರ್ ಎದುರು ಹೇಳಿ ಪಾರು ಮಾಡಿದ್ದ. ಬಿರುಕಿರಲಿಲ್ಲ.

ಆಮ್ಲಕ್ಕೆ ಕ್ಷಾರ ಬೆರೆಸಿದರೆ ಎರಡರ ಕಟುವೂ ಹೋಗಿ ಉಪ್ಪುನೀರು ಉಳಿಯುತ್ತದೆ. ಹಾಗಾಗುವಾಗ ಒಂದಿಷ್ಟು ಶಾಖ ಹೊರಗೆ ಬರುತ್ತದೆ. ಅದು ಎಷ್ಟು ಎಂದು ಕಂಡುಹಿಡಿಯುವುದೇ ಒಂದು ಪ್ರಯೋಗ. ದೊಡ್ಡ ಬಾಯಿಯ ಗಾಜಿನ ಬಾಟಲಿ. ಶಾಖ ಹೊರಗೆ ಹೋಗದಂತೆ ಅದರ ಸುತ್ತ ಮಲಂಗಸಾಬ ಜಿನ್ನಿಂಗ್ ಮಿಲ್ಲಿನಿಂದ ತಂದ ಹತ್ತಿ. ಅದರಲ್ಲಿ ಐವತ್ತು ಮಿಲಿಲೀಟರ್ ಆಮ್ಲ ಹಾಕಿ, ಥರ್ಮಾಮೀಟರ್ ಇಟ್ಟು ಓದಿ, ಐವತ್ತು ಮಿಲಿಲೀಟರ್ ಕ್ಷಾರ ಸುರಿದು ಕಲಕಬೇಕು. ಎಷ್ಟು ಡಿಗ್ರಿ ಏರಿತು ನೋಡಬೇಕು. ಒಟ್ಟು ನೂರು ಗ್ರಾಂ ನೀರೆಂದು ಹಿಡಿದು, ಏರಿದ ಡಿಗ್ರಿಯನ್ನು ನೂರರಿಂದ ಗುಣಿಸಿದರೆ ಶಾಖ ಕ್ಯಾಲೊರಿಯಲ್ಲಿ ಬಂತು. ನಾವು ಹಾಕಿದ ಆಮ್ಲ ಮೋಲ್ ಎಂಬ ಕೆಮಿಸ್ಟ್ರಿ ಅಳತೆಯ ಇಪ್ಪತ್ತರಲ್ಲಿ ಒಂದು ಪಾಲು. ಉತ್ತರ ಪೂರ್ತಿ ಮೋಲಿಗೆ ಬೇಕು, ಆದ್ದರಿಂದ ಮತ್ತೆ ಇಪ್ಪತ್ತರಿಂದ ಗುಣಿಸಬೇಕು. ಇಷ್ಟೇ ಲೆಕ್ಕ. ಉತ್ತರ ಹದಿಮೂರು ಸಾವಿರದ ಏಳುನೂರು ಕ್ಯಾಲೊರಿಯ ಹತ್ತಿರ ಬರಬೇಕು; ನಾವೆಲ್ಲ ಚಿಕ್ಕದಾಗಿ ಹದಿಮೂರು ಪಾಯಿಂಟ್ ಏಳು ಎನ್ನುತ್ತಿದ್ದೆವು.

ಪುಸ್ತಕದಲ್ಲಿ ಆಮ್ಲ, ಕ್ಷಾರ ಎರಡರ ತಾಪವನ್ನೂ ನೋಡಿ ಸರಾಸರಿ ತೆಗೆಯಿರಿ ಎಂದೇ ಇತ್ತು. ಆದರೆ ಶರಣಯ್ಯ ಸರ್, "ಎರಡೂ ಒಂದೇ ಕಪಾಟಿನಾಗ ಇರ್ತಾವ, ಎರಡೆರಡು ಸಲ ಯಾಕ ನೋಡ್ತೀರಿ? ಆಸಿಡ್ ಒಂದೇ ನೋಡ್ರಿ ಸಾಕು" ಎಂದು ವರ್ಷವೆಲ್ಲ ಕೆಲಸ ಹಗುರ ಮಾಡಿದ್ದರು. ಎಷ್ಟೇ ಬಂದರೂ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ ಹದಿಮೂರು ಪಾಯಿಂಟ್ ಏಳು ಬರೆಯುತ್ತಿದ್ದೆವು. ಹಿಂದಿನ ಬ್ಯಾಚಿನವರಿಂದ ನಮಗೆ ಬಂದ ಆಸ್ತಿ ಅದು.

ಪರೀಕ್ಷೆಗೆ ನನ್ನದು ಮಧ್ಯಾಹ್ನದ ಬ್ಯಾಚು. ಚೀಟಿ ಎತ್ತಿದಾಗ ಆರು ಜನರಿಗೆ ಈ ಶಾಖದ ಪ್ರಯೋಗ ಬಂತು. ನನಗೂ ಬಂತು, ಗೋಪಮ್ಮನಿಗೂ ಬಂತು. ಗುಲಬರ್ಗಾದಿಂದ ಬಂದಿದ್ದ ಪರೀಕ್ಷಕರು ಅಬ್ದುಲ್ ವಹೀದ್ ಎಂಬುವರು. ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದವರಂತೆ ಕಾಣುತ್ತಿದ್ದರು. ರಾಯಚೂರಿನ ಬಿಸಿಲು ಅವರಿಗೂ ತಟ್ಟಿತ್ತು. ಬಂದವರೇ ಮೂಲೆಯ ದೊಡ್ಡ ಮಣ್ಣಿನ ಹರವಿಯಿಂದ ನೀರು ತರಿಸಿ ಎರಡು ಗ್ಲಾಸು ಕುಡಿದರು.

"ಏನು ತಣ್ಣಗ ಅದಾವಪಾ ನೀರು! ಐಸ್ ಹಾಕೀಯೇನು?" ಎಂದರು.

"ಉಸುಕಿನ ಕರಾಮತ್ತು ಸಾಬ್," ಎಂದು ಮಲಂಗಸಾಬ ಹಲ್ಲು ಬಿಟ್ಟ. ಮೂಲೆಯಲ್ಲಿ ಮರಳು ಹಾಸಿ, ಅದಕ್ಕೆ ದಿನಕ್ಕೆ ನಾಲ್ಕು ಸಲ ನೀರು ಹಾಕಿ, ಹರವಿಗೆ ಒದ್ದೆ ಗೋಣಿತಟ್ಟು ಸುತ್ತಿ ಇಡುತ್ತಿದ್ದ. ಹೊರಗೆ ಬೆಂಕಿ ಸುರಿದರೂ ಆ ನೀರು ಹಲ್ಲು ಜುಮ್ಮೆನ್ನಿಸುತ್ತಿತ್ತು.

ನಾನು ಆಮ್ಲ ಹಾಕಿ ಥರ್ಮಾಮೀಟರ್ ನೋಡಿದೆ. ಮೂವತ್ತೇಳು. ಕಿಟಕಿ ಪಕ್ಕದ ಕಪಾಟು, ಇರಬೇಕಾದದ್ದೇ. ಕ್ಷಾರ ಸುರಿದೆ, ಕಲಕಿದೆ. ಪಾದರಸ ಏರಿತು, ಏರಿತು, ನಲವತ್ತು ಪಾಯಿಂಟ್ ಆರಕ್ಕೆ ನಿಂತುಬಿಟ್ಟಿತು. ಎಷ್ಟು ಹೊತ್ತು ನೋಡಿದರೂ ಮುಂದೆ ಹೋಗಲಿಲ್ಲ.

ಏರಿದ್ದು ಮೂರು ಪಾಯಿಂಟ್ ಆರು ಡಿಗ್ರಿ. ನೂರರಿಂದ, ಇಪ್ಪತ್ತರಿಂದ ಗುಣಿಸಿದೆ. ಏಳು ಸಾವಿರದ ಇನ್ನೂರು. ಬರಬೇಕಾದುದರ ಅರ್ಧ! ದೇವದುರ್ಗದ ಬಸ್ಸು, ಅವ್ವನ ಮೊಣಕಾಲು, ಎತ್ತರದಿಂದ ಬೀಳುವ ಜೋಳ ಎಲ್ಲ ಕಣ್ಣ ಮುಂದೆ ಬಂದವು.

ಪಕ್ಕದ ಮೇಜಿನ ಗೋಪಮ್ಮ ಬಾಯಿ ತೆರೆಯದೆ ಮಾತಾಡಿದಳು. "ನಂದೂ ಏಳು ಬಂತು. ಹಿಂದಿನಿಂದ ಬರಿ ಹುಲಗಿ. ಕಡೀ ರೀಡಿಂಗ್ ನಲವತ್ಮೂರು ಪಾಯಿಂಟ್ ಎಂಟೈದು ಅಂತ ಬರಿ, ಸರೀ ಹದಿಮೂರು ಪಾಯಿಂಟ್ ಏಳು ಆಗ್ತದ. ಎಲ್ಲಾರೂ ಅದನ್ನೇ ಬರದಾರ."

ಬರೆಯಲು ಪೆನ್ನು ಎತ್ತಿದೆ. ದೊಡ್ಡ ಸತ್ಯವಂತೆ ಎಂದು ಹೇಳಿಕೊಳ್ಳಲಾರೆ, ನರ್ಸಿನ ಕತೆ ನಿಮಗೆ ಹೇಳಿಯಾಗಿದೆ. ಆದರೆ ನನಗೆ ಸಿಟ್ಟು ಬಂದಿತ್ತು. ಎರಡು ವರ್ಷ ಒಂದೂ ಕ್ಲಾಸು ಬಿಡದೆ ಬಂದವಳು ನಾನು, ಒಂದು ಹನಿ ಚೆಲ್ಲದೆ ಸುರಿದಿದ್ದೆ, ಕಣ್ಣು ಮಿಟುಕಿಸದೆ ನೋಡಿದ್ದೆ. ಈ ಪಾದರಸ ನನಗೇ ಯಾಕೆ ಅರ್ಧ ಕೊಡಬೇಕು? ಬಾಟಲಿ ಚೆಲ್ಲಿ, ತೊಳೆದು, ಮತ್ತೊಮ್ಮೆ ಕ್ಷಾರ ಕೇಳಲು ಮೂಲೆಗೆ ಹೋದೆ.

ಕ್ಷಾರದ ದೊಡ್ಡ ಜಾಡಿ ಹರವಿಯ ಮಗ್ಗುಲಲ್ಲೇ ಕುತ್ತಿಗೆಯವರೆಗೂ ಒದ್ದೆ ಮರಳಿನಲ್ಲಿ ಹೂತಿತ್ತು. ಮಲಂಗಸಾಬ ಅದನ್ನು ಎತ್ತಿ ಬಗ್ಗಿಸುವಾಗ ನಾನೂ ಒಂದು ಕೈ ಕೊಟ್ಟೆ.

ಜಾಡಿ ತಣ್ಣಗಿತ್ತು. ಅಂಗಳದಲ್ಲಿಟ್ಟ ಕೊಡದಷ್ಟು ತಣ್ಣಗೆ.

"ಇದು ಇಲ್ಲಿ ಯಾಕ ಬಂತು ಚಾಚಾ?" ಎಂದೆ ಮೆಲ್ಲಗೆ.

"ಮುಂಜಾನಿ ಬ್ಯಾಚಿನವರು ಇದ್ದದ್ದೆಲ್ಲ ಖಾಲಿ ಮಾಡಿದ್ರು. ಹೊಸಾದು ಕಲಸಿದೆ. ಕಾಸ್ಟಿಕ್ ಸೋಡಾ ನೀರಿಗೆ ಹಾಕಿದ್ರ ಸುಡ್ತದಲ್ಲ, ಮುಟ್ಟಾಕ ಆಗಲಾರದಷ್ಟು ಬಿಸಿ ಆತು. ತಣ್ಣಗಾಗಲಿ ಅಂತ ಉಸುಕಿನಾಗ ಇಟ್ಟೆ. ಯಾಕ ಬೇಟಿ?"

ನನ್ನ ತಲೆಗೆ ಅವ್ವನ ಕೈ ಮತ್ತೊಮ್ಮೆ ಬಿತ್ತು ಅನ್ನಿಸಿತು. ಕೊಡದಾಗೂ ಇಡು! ನಾನು ಹಂಡೆ ಒಂದನ್ನೇ ಮುಟ್ಟಿ ನೋಡಿದ್ದೆ. ಮೇಜಿಗೆ ಓಡಿ, ಥರ್ಮಾಮೀಟರ್ ತೊಳೆದು ಒರೆಸಿ ಕ್ಷಾರದಲ್ಲಿ ಅದ್ದಿದೆ. ಮೂವತ್ತೊಂದು. ಆಮ್ಲ ಮೂವತ್ತೇಳು. ಎರಡೂ ಸುಮ್ಮನೆ ಬೆರೆತಿದ್ದರೇ ಮೂವತ್ತನಾಲ್ಕಕ್ಕೆ ಇಳಿಯಬೇಕು. ಅಲ್ಲಿಂದ ನಲವತ್ತು ಪಾಯಿಂಟ್ ಆರರ ತನಕ ಏರಿದೆ ಎಂದರೆ, ಏರಿದ್ದು ಮೂರು ಪಾಯಿಂಟ್ ಆರಲ್ಲ, ಆರು ಪಾಯಿಂಟ್ ಆರು. ಮತ್ತೆ ಸುರಿದೆ, ಮತ್ತೆ ಕಲಕಿದೆ. ಪಾದರಸ ಮತ್ತೆ ನಲವತ್ತು ಪಾಯಿಂಟ್ ಆರಕ್ಕೇ ನಿಂತಿತು. ಈ ಸಲ ಅದರ ಮೇಲೆ ನನಗೆ ಪ್ರೀತಿ ಬಂತು.

ಹದಿಮೂರು ಸಾವಿರದ ಇನ್ನೂರು. ಹದಿಮೂರು ಪಾಯಿಂಟ್ ಎರಡು. ಏಳು ಅಲ್ಲ, ಎರಡು. ಕೊನೆಯ ಅಂಕಿಯನ್ನು ತಿದ್ದಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ತಿದ್ದಲಿಲ್ಲ. ಇದು ನನ್ನ ಕೈಯಾರೆ ಬಂದದ್ದು. ಎರಡು ತಾಪವನ್ನೂ ಬೇರೆ ಬೇರೆ ಬರೆದು ಕಾಗದ ಕೊಟ್ಟೆ.

ವಹೀದ್ ಸಾಹೇಬರು ಆರೂ ಕಾಗದ ಮುಂದಿಟ್ಟುಕೊಂಡು ಕೂತರು. ಒಂದು ತಿರುವಿದರು, ಇನ್ನೊಂದು ತಿರುವಿದರು. ಎದ್ದವರೇ ಗೋಪಮ್ಮನ ಬಾಟಲಿಯಲ್ಲಿ ಥರ್ಮಾಮೀಟರ್ ಅದ್ದಿದರು.

"ನಿನ್ನ ಕಾಗದ ನಲವತ್ನಾಲ್ಕು ಅಂತದ. ಬಾಟಲಿ ನಲವತ್ತು ಅಂತದ. ಯಾರ ಮಾತು ನಂಬಲಿ ನಾನು?"

ಶರಣಯ್ಯ ಸರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

"ಐದು ಮಂದಿದೂ ಹದಿಮೂರು ಪಾಯಿಂಟ್ ಏಳು! ಇಂಥಾ ಹತ್ತಿ ಸುತ್ತಿದ ಬಾಟಲಿಯಾಗ ನನಗೇ ಒಂದು ದಿನಾ ಅಷ್ಟು ಬಂದಿಲ್ಲ." ಅವರು ಆರನೆಯ ಕಾಗದ ಎತ್ತಿದರು. "ಇದು ಯಾರದು? ಹುಲಗೆಮ್ಮ?"

ಮುಂದೆ ಬಂದೆ.

"ನಿಂದೊಂದು ಬ್ಯಾರೆ ಯಾಕ ಬಂತವ್ವಾ? ಎರಡು ಟೆಂಪರೇಚರ್ ಯಾಕ ಬರದೀ? ಕ್ಷಾರ ಆರು ಡಿಗ್ರಿ ತಣ್ಣಗ ಹ್ಯಾಂಗಾಗ್ತದ?"

ಮಲಂಗಸಾಬ ಮರಳಿನಲ್ಲಿ ಇಟ್ಟಿದ್ದ ಎಂದು ಹೇಳಿದರೆ ಅವನ ನೌಕರಿಗೆ ಕುತ್ತು. ಹೇಳದಿದ್ದರೆ ನನ್ನದೂ ಹಿಂದಿನಿಂದ ಬರೆದ ಲೆಕ್ಕವೇ ಆಗುತ್ತದೆ. ಅವನ ಕಡೆ ನೋಡಿದೆ. ಪಿಪೆಟ್ ಒಡೆದ ದಿನದ ಹಾಗೇ ನಿಂತಿದ್ದ.

"ನಾನೇ ಇಟ್ಟಿದ್ದೆ ಸಾಬ್," ಎಂದ ಮಲಂಗಸಾಬ, ನಾನು ಬಾಯಿ ತೆರೆಯುವ ಮೊದಲೇ. "ಕಾಸ್ಟಿಕ್ ಕಲಸಿದಾಗ ಸುಡತಿತ್ತು. ಹುಡುಗ್ರ ಕೈ ಸುಟ್ಟೀತು ಅಂತ ಉಸುಕಿನಾಗ ಇಟ್ಟೆ. ಕಸೂರ್ ನಂದು, ಅವರದಲ್ಲ."

"ಚಾಚಾಂದೂ ಅಲ್ಲರೀ ಸರ್," ಎಂದೆ. ಧ್ವನಿ ನನಗೇ ಜೋರಾಗಿ ಕೇಳಿಸಿತು. "ನೀವು ಕುಡಿದ್ರಲ್ಲ, ಆ ಹರವಿ ಮಗ್ಗಲಕ್ಕೇ ಜಾಡಿ ಇತ್ತ್ರಿ. ಎಲ್ಲಿ ಬೇಕಾದ್ರೂ ಇಡಲಿ, ಬೆರಸೂಕಿಂತ ಮದಲು ಎರಡೂ ನೋಡಬೇಕಿತ್ತು. ನಾವು ಒಂದೇ ನೋಡಿದ್ವಿ. ತಪ್ಪು ನೋಡಿದವರದು, ಇಟ್ಟವರದಲ್ಲರೀ."

ವಹೀದ್ ಸಾಹೇಬರು ಮೂಲೆಗೆ ನಡೆದು ಜಾಡಿಯನ್ನು ಮುಟ್ಟಿದರು, ಹರವಿಯನ್ನು ಮುಟ್ಟಿದರು. ಹುಬ್ಬಿನ ಗಂಟು ಮೊದಲ ಸಲ ಸಡಿಲವಾಯಿತು.

"ಎರಡೂ ನೋಡಬೇಕು ಅಂತ ಶರಣಯ್ಯನವರು ಕಲಿಸ್ಯಾರೇನು?"

ಶರಣಯ್ಯ ಸರ್ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಎಲ್ಲರಿಗೂ ಸುಖ. ಹಿಂದೆ ಗೋಪಮ್ಮ ನಿಂತಿದ್ದಳು, ಹಾಸ್ಟೆಲ್ಲಿನ ಇನ್ನಿಬ್ಬರು ನಿಂತಿದ್ದರು. ನನ್ನ ಕೈಯಲ್ಲಿ ಇನ್ನೂ ಆ ಜಾಡಿಯ ತಂಪಿತ್ತು.

"ನಮ್ಮವ್ವ ಕಲಿಸ್ಯಾಳ್ರಿ," ಎಂದೆ. "ನಮ್ಮವ್ವ ದೇವದುರ್ಗದಾಗ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕ್ತಾಳ. ಹಂಡೇದಾಗೂ ಕೈ ಇಡಬೇಕು, ಕೊಡದಾಗೂ ಇಡಬೇಕು, ಆಮ್ಯಾಲ ಬೆರಸಬೇಕು ಅಂತ ಹೇಳ್ಯಾಳ. ಆಕಿ ನರ್ಸ್ ಅಲ್ಲರೀ."

ಕೊನೆಯ ಮಾತು ಸಾಹೇಬರಿಗೆ ಅರ್ಥವಾಗಿರಲಾರದು. ಅದು ಅವರಿಗೆ ಹೇಳಿದ್ದಲ್ಲ. ಹಿಂದೆ ಗೋಪಮ್ಮ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ನನಗೋ ತಲೆಯ ಮೇಲಿನ ಕಟ್ಟಿಗೆ ಹೊರೆ ಇಳಿಸಿದಷ್ಟು ಹಗುರವಾಯಿತು. ಅಳುವೂ ಬಂತು, ಅತ್ತುಬಿಟ್ಟೆ.

ಸಾಹೇಬರು ಅಳುವವರನ್ನು ಕಂಡರೆ ಗಾಬರಿಯಾಗುವ ಜಾತಿಯವರು. "ಅಯ್ಯ, ಯಾಕ ಅಳ್ತೀ? ನೀರು ಕುಡಿ, ನೀರು ಕುಡಿ" ಎಂದು ತಾವೇ ಹರವಿಯ ಕಡೆ ಕೈ ತೋರಿಸಿದರು. ಆಮೇಲೆ ಉಳಿದ ಐವರ ಕಾಗದಗಳನ್ನು ಅಡ್ಡಡ್ಡ ಹರಿದು ಮೇಜಿನ ಮೇಲಿಟ್ಟರು. "ಇನ್ನೂ ಐವತ್ತು ನಿಮಿಷ ಅದಾವ. ಎಲ್ಲಾರೂ ಎರಡೂ ನೋಡಿ ಮತ್ತ ಮಾಡ್ರಿ. ಹದಿಮೂರು ಪಾಯಿಂಟ್ ಏಳು ಅಂತ ಬರೆದವರನ್ನ ಮಾತ್ರ ಫೇಲ್ ಮಾಡ್ತೀನಿ." ಮಲಂಗಸಾಬನಿಗೆ ಏನೂ ಅನ್ನಲಿಲ್ಲ. ಹೋಗುವಾಗ ಇನ್ನೊಂದು ಗ್ಲಾಸು ನೀರು ಮಾತ್ರ ಕೇಳಿದರು. ಶರಣಯ್ಯ ಸರ್ ಆ ದಿನ ಸಂಜೆಯ ಮಾನ್ವಿ ಬಸ್ಸು ತಪ್ಪಿಸಿಕೊಂಡು ಗಾಜಿನ ಸಾಮಾನು ತೊಳೆಯಲು ಮಲಂಗಸಾಬನ ಜೊತೆ ನಿಂತರು.

ಗೋಪಮ್ಮನಿಗೆ ಹನ್ನೆರಡು ಪಾಯಿಂಟ್ ಒಂಬತ್ತು ಬಂತು. ಹಾಸ್ಟೆಲ್ಲಿಗೆ ನಡೆಯುವ ದಾರಿಯಲ್ಲಿ ಅವಳು ಎರಡು ಸಲ ನನ್ನ ಮುಖ ನೋಡಿದಳು. ಆಮೇಲೆ, "ಮತ್ತ ಕ್ವಾರ್ಟರ್ಸಿನಾಗ ಗುಲಾಬಿ ಗಿಡ ಅದ ಅಂದಿದ್ದಿಯಲ್ಲ?" ಎಂದಳು. ಇಬ್ಬರೂ ರಸ್ತೆಯ ಮೇಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಫಲಿತಾಂಶ ಬಂದಾಗ ನಾನು ದೇವದುರ್ಗದಲ್ಲಿದ್ದೆ. ಪಾಸಾಗಿದ್ದೆ, ಹಾಸ್ಟೆಲ್ ಸೀಟು ಉಳಿದಿತ್ತು. ಅವ್ವನಿಗೆ ಪರೀಕ್ಷೆಯ ಕತೆಯೆಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಾ ಕೇಳಿದಳು.

"ಎರಡೂ ಮುಟ್ಟಿ ನೋಡಿದ್ದಕ್ಕ ಪಾಸು ಮಾಡಿದ್ರಾ?"

"ಹೂಂ ಬೇ."

"ಹಂಗಾದ್ರ ನಾ ಎಷ್ಟು ಸಲ ಪಾಸಾಗಿರಬೇಕು!" ಎಂದು ರೊಟ್ಟಿ ತಿರುವಿ ಹಾಕಿದಳು. ನನ್ನನ್ನು ಮತ್ತೆ ಊರಿಗೆ ಬಾ ಎನ್ನಲಿಲ್ಲ. ಓಣಿಯ ಮೂಕಮ್ಮನಿಗೆ ಕೆಲಸ ಕಲಿಸತೊಡಗಿದಳು.

ಬಿಎಸ್ಸಿ ಆಯಿತು, ಗುಲಬರ್ಗಾದಲ್ಲಿ ಎಂಎಸ್ಸಿ ಆಯಿತು. 1986ರಲ್ಲಿ ನಾನು ಮಾನ್ವಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದೆ. ಅವ್ವ ಒಮ್ಮೆ ನನ್ನನ್ನು ನೋಡಲು ಬಂದವಳು, ಮನೆಯ ಬೀಗ ನೋಡಿ ಸೀದಾ ಕಾಲೇಜಿಗೇ ಬಂದುಬಿಟ್ಟಳು. ಲ್ಯಾಬಿನಲ್ಲಿ ಅದೇ ಪ್ರಯೋಗ ನಡೆದಿತ್ತು. ಕೈಯಲ್ಲಿ ರೊಟ್ಟಿ ಗಂಟು, ತಲೆಯ ಮೇಲೆ ಸೆರಗು, ಬಾಗಿಲಲ್ಲೇ ನಿಂತಳು. ನಾನು ಹೋಗಿ ಕೈ ಹಿಡಿದು ಒಳಗೆ ಕರೆತಂದು, "ಇವರು ನಮ್ಮವ್ವ, ನನಗೆ ಈ ಪ್ರಯೋಗ ಕಲಿಸಿದವರು" ಎಂದೆ. ಇಪ್ಪತ್ತು ಜೊತೆ ಕಣ್ಣು ಅವಳ ಕಡೆ ತಿರುಗಿದವು.

ಒಂದು ಬಾಟಲಿಗೆ ಸುತ್ತಿದ ಹತ್ತಿ ಬಿಚ್ಚಿ ಅವಳ ಮುಂದೆ ಇಟ್ಟೆ. ಅವ್ವ ಆಮ್ಲದ ಬಾಟಲಿಯನ್ನು ಹೊರಗಿನಿಂದ ಮುಟ್ಟಿದಳು, ಕೇಳದೆಯೇ ಕ್ಷಾರದ್ದನ್ನೂ ಮುಟ್ಟಿದಳು. ನಾನು ಎರಡನ್ನೂ ಬೆರೆಸಿ ಕಲಕಿದೆ. ಗಾಜಿಗೆ ಅಂಗೈ ಇಟ್ಟವಳು ಬೆಚ್ಚಿ ಕೈ ತೆಗೆದಳು, ಮತ್ತೆ ಇಟ್ಟಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಒಲಿ ಎಲ್ಲದ?"

"ಒಲಿ ಇಲ್ಲ ಬೇ. ಎರಡೂ ಬೆರೆತಿದ್ದಕ್ಕೇ ಬಿಸಿ ಬಂತು."

ಅವ್ವ ಇನ್ನೂ ಸ್ವಲ್ಪ ಹೊತ್ತು ಅಂಗೈಯನ್ನು ಹಾಗೇ ಇಟ್ಟುಕೊಂಡಳು. ಕೂಸುಗಳ ನೀರು ನೋಡುವಾಗ ಕಣ್ಣು ಅರ್ಧ ಮುಚ್ಚುತ್ತಿದ್ದಳಲ್ಲ, ಹಾಗೇ ಮುಚ್ಚಿದಳು. ನಾನು ಥರ್ಮಾಮೀಟರ್ ಓದುವ ಮೊದಲೇ ತಲೆಯಾಡಿಸಿದಳು.

"ಸರೀ ಹದ ಬಂದದ," ಎಂದಳು. "ಕೂಸನ್ನ ತರ್ರಿ."